ಎಲ್ಲಿ ನಿಂತು ತೆಗೆದದ್ದು?

ಬೋಳು ಬಂಡೆಗಳ ಸಾಲು, ಸಂದಿಗಳಲ್ಲಿ ಕುರುಚಲು ಗಿಡ, ಮೇಲೆ ಬಿಸಿಲಿಗೆ ಬಿಳುಚಿದ ಆಕಾಶ. ಈ ಚಿತ್ರವನ್ನು ಲಖನೌದಲ್ಲೋ ಭೋಪಾಲದಲ್ಲೋ ಐವತ್ತು ದಾಟಿದ ಯಾರ ಮುಂದಾದರೂ ಹಿಡಿದು ಇದು ಯಾವ ಊರು ಎಂದು ಕೇಳಿ. ‘ರಾಮಗಢ’ ಎನ್ನುತ್ತಾರೆ, ಕ್ಷಣವೂ ಯೋಚಿಸದೆ. ಇಲ್ಲ, ಇದು ಬೆಂಗಳೂರಿನ ಪಕ್ಕದ ರಾಮನಗರ ಎಂದರೆ ನಮ್ಮನ್ನೇ ಅನುಮಾನದಿಂದ ನೋಡುತ್ತಾರೆ. ಅವರಿಗೆ ಸೊನ್ನೆ ಅಂಕ ಕೊಡಲು ನನಗೆ ಮನಸ್ಸಿಲ್ಲ. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯವರ ತಂಡ ‘ಶೋಲೆ’ಯ ಚಿತ್ರೀಕರಣಕ್ಕೆ ಇಲ್ಲಿಗೆ ಬಂದಾಗ ಕಲಾ ನಿರ್ದೇಶಕ ರಾಮ್ ಯೇಡೇಕರ್ ಬೆಟ್ಟದ ಬುಡದಲ್ಲಿ ಮನೆ, ಗುಡಿ, ನೀರಿನ ಟ್ಯಾಂಕು ಎಲ್ಲ ಇರುವ, ಚಿತ್ರದಲ್ಲಿ ರಾಮಗಢವೆನಿಸಿಕೊಂಡ ಹಳ್ಳಿಯೊಂದನ್ನೇ ಕಟ್ಟಿಸಿದ್ದರು. 1975ರ ಆಗಸ್ಟ್ 15ರಂದು ಚಿತ್ರ ತೆರೆಗೆ ಬಂತು. ಸೆಟ್ಟು ಕಳಚಿಹೋಯಿತು, ಬಂಡೆ ಉಳಿಯಿತು. ಜೊತೆಗೆ ದೇಶದ ಅರ್ಧಕ್ಕರ್ಧ ಜನರ ತಲೆಯಲ್ಲಿ ಆ ಬಂಡೆಗೆ ಬೇರೊಂದು ವಿಳಾಸವೂ ಉಳಿಯಿತು.

ತಮಾಷೆಯೆಂದರೆ ಆ ಚಿತ್ರದ ಹೆಸರಾಂತ ರೈಲು ದರೋಡೆಯನ್ನು ತೆಗೆದದ್ದು ಇಲ್ಲಲ್ಲ, ಮುಂಬೈ-ಪುಣೆ ದಾರಿಯ ಪನ್ವೇಲ್ ಹತ್ತಿರ. ಬೆಂಗಳೂರು-ಮೈಸೂರು ರೈಲು ದಿನಕ್ಕೆ ಎಷ್ಟೋ ಸಲ ರಾಮನಗರವನ್ನು ಹಾದುಹೋಗುತ್ತದೆ. ಊರಿಗೆ ತನ್ನದೇ ಸ್ಟೇಷನ್ನಿದೆ, ಅಲ್ಲಿಂದ ಬೆಟ್ಟವೂ ಕಾಣುತ್ತದೆ. ಆದರೂ ರಾಮಗಢದ ರೈಲು ಮಹಾರಾಷ್ಟ್ರದ್ದು, ರಾಮಗಢದ ಬಂಡೆ ನಮ್ಮದು. ಚಿತ್ರ ನೋಡಿ ಊರು ಹೇಳುವ ಆಟವಾಡುವವರಿಗೆ ಸಿನಿಮಾದ ಸ್ಟಿಲ್ಲು ಕೊಟ್ಟರೆ ಆಗುವ ಫಜೀತಿ ಇದೇ.

ಇನ್ನೂ ದೊಡ್ಡ ಫಜೀತಿ ಮಾಗಡಿ ಕಡೆಯದು. ಇ. ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯ ಮರಾಬಾರ್ ಗುಹೆಗಳಿಗೆ ಮೂಲ ಬಿಹಾರದ ಗಯಾ ಬಳಿಯ ಬರಾಬರ್. ಅಶೋಕನ ಕಾಲದಲ್ಲಿ ಆಜೀವಕ ಸಂನ್ಯಾಸಿಗಳಿಗೆಂದು ಕೊರೆಸಿ, ಒಳಗೋಡೆಯನ್ನು ಮುಖ ಕಾಣುವಷ್ಟು ನುಣುಪು ಮಾಡಿದ ಗುಹೆಗಳು ಅವು. ಈ ಕಾದಂಬರಿಯ ಮೇಲೆ ಡೇವಿಡ್ ಲೀನ್ 1984ರಲ್ಲಿ ತೆರೆಗೆ ತಂದ ಚಿತ್ರಕ್ಕಾಗಿ ಅಲ್ಲಿಗೆ ಹೋಗಿ ನೋಡಿದರೆ ಆ ಗುಡ್ಡಗಳು ಅವರಿಗೆ ತೀರ ಸಪ್ಪೆಯೆನಿಸಿದವು. ಆ ಸೀಮೆಯಲ್ಲಿ ಡಕಾಯಿತರ ಭಯವೂ ಇತ್ತಂತೆ. ಕೊನೆಗೆ ಆರಿಸಿಕೊಂಡದ್ದು ಮಾಗಡಿ ಬಳಿಯ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟ. ಇಲ್ಲಿ ಬಂಡೆಗೇನೋ ಬರವಿರಲಿಲ್ಲ, ಬೇಕಾದ ಜಾಗದಲ್ಲಿ ಗುಹೆ ಇರಲಿಲ್ಲ. ಅದಕ್ಕೆ ಚಿತ್ರತಂಡವೇ ಬಂಡೆಯ ಮೈಯಲ್ಲಿ ಗುಹೆಯ ಬಾಯಿಗಳನ್ನು ಕೊರೆಸಿತು. ಗುಹೆಗೆ ಹೋಗುವ ರೈಲನ್ನು ತೆಗೆದದ್ದು ಮತ್ತೆ ಬೇರೆಲ್ಲೋ, ನೀಲಗಿರಿಯ ಘಟ್ಟದ ದಾರಿಯಲ್ಲಿ. ಆ ಸಿನಿಮಾದ ಚಿತ್ರ ಹಿಡಿದುಕೊಂಡು ಗಯಾಕ್ಕೆ ಹೋದವನಿಗೆ ಮರಾಬಾರ್ ಸಿಗುವುದಿಲ್ಲ, ಕಾದಂಬರಿ ಹಿಡಿದುಕೊಂಡು ಮಾಗಡಿಗೆ ಬಂದವನಿಗೂ ಸಿಗುವುದಿಲ್ಲ.

ಹತ್ತೇ ವರ್ಷಗಳ ಅಂತರದಲ್ಲಿ ಎರಡು ಸಿನಿಮಾಗಳು ಒಂದೇ ಸೀಮೆಯ ಕಲ್ಲನ್ನು ಉತ್ತರ ಭಾರತವೆಂದು ಜಗತ್ತಿಗೆ ತೋರಿಸಿ ನಂಬಿಸಿದವು. ನಂಬಿದವರನ್ನು ದೂರುವುದು ಹೇಗೆ? ಬಂಡೆಯ ಮೇಲೆ ಕನ್ನಡದಲ್ಲಿ ಬರೆದಿರುತ್ತದೆಯೇ?

ಊರಿನವರಿಗೂ ಈ ಆಟ ಸಲೀಸಲ್ಲ. ಮಾಗಡಿ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರಿಗೆ ಅವರ ಪಕ್ಕದ ಹುಡುಗ ಮೊಬೈಲಿನಲ್ಲಿ ಸಾವನದುರ್ಗದ ಫೋಟೋ ತೋರಿಸಿ, “ತಾತ, ಇದ್ಯಾವ ಬೆಟ್ಟ ಹೇಳು ನೋಡೋಣ” ಎಂದ. ತಾತ ಕನ್ನಡಕ ಏರಿಸಿ, ಇಳಿಸಿ, ಫೋನನ್ನು ದೂರ ಹಿಡಿದು, “ಬೆಟ್ಟ ನಮ್ದೇ ಕಣ್ಲಾ. ಆದ್ರೆ ನಮ್ ಕಡೆಯಿಂದ ಹಿಂಗ್ ಕಾಣಕಿಲ್ಲ. ಮಂಚನಬೆಲೆ ಕಡೆ ನಿಂತ್ಕಂಡು ತೆಗ್ದವ್ರೆ” ಎಂದರು. ಫೋಟೋದ ಮೂಲೆಯಲ್ಲಿ ಮಂಚನಬೆಲೆ ಜಲಾಶಯದ ನೀರಿನ ಒಂದು ಗೆರೆ ಇತ್ತು, ನಾನೂ ಇಣುಕಿ ನೋಡಿದೆ.

ನನ್ನ ಮಟ್ಟಿಗೆ ಈ ಆಟದ ಗುಟ್ಟೆಲ್ಲ ತಾತನ ಆ ಮಾತಿನಲ್ಲಿದೆ. ‘ಇದು ಯಾವುದು’ ಎಂದು ಕೇಳುವವನು ಅರ್ಧ ದಾರಿಯಲ್ಲೇ ನಿಲ್ಲುತ್ತಾನೆ. ‘ಎಲ್ಲಿ ನಿಂತು ತೆಗೆದದ್ದು’ ಎಂದು ಕೇಳುವವನಿಗೆ ಮಾತ್ರ ಊರು ಸಿಗುತ್ತದೆ. ಸಾವನದುರ್ಗ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಏಕಶಿಲೆ. ಕರಿಗುಡ್ಡ, ಬಿಳಿಗುಡ್ಡ ಎಂದು ಅದಕ್ಕೆ ಎರಡು ನೆತ್ತಿ. ಎರಡೂ ಬಿಡಿಬಿಡಿಯಾಗಿ ಕಾಣುವ ದಿಕ್ಕೊಂದು, ಒಂದರ ಬೆನ್ನಿಗೆ ಇನ್ನೊಂದು ಅಡಗುವ ದಿಕ್ಕು ಬೇರೊಂದು. ಸುತ್ತಲಿನ ಪ್ರತಿ ಹಳ್ಳಿಗೂ ಅದರದ್ದೇ ಆದ ಒಂದು ಸಾವನದುರ್ಗವಿದೆ. ಪಕ್ಕದ ಹಳ್ಳಿಯ ಸಾವನದುರ್ಗವನ್ನು ಇವರು ಗುರುತಿಸುತ್ತಾರೆಂಬ ಭರವಸೆ ಇಲ್ಲ.

ಇದು ಚೆನ್ನಾಗಿ ಗೊತ್ತಿದ್ದವರು ಇಂಗ್ಲಿಷರ ಸೇನೆಯ ಸರ್ವೇಯರುಗಳು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆ 1791ರ ಡಿಸೆಂಬರ್ 21ರಂದು ಸಾವನದುರ್ಗವನ್ನು ಹಿಡಿಯಿತು. ಆ ದಂಡಿನ ಜೊತೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರ, ರಾಬರ್ಟ್ ಹೈಡ್ ಕೋಲ್‌ಬ್ರೂಕ್ ಎಂಬ ಸರ್ವೇಯರ್ ಇಲ್ಲಿನ ದುರ್ಗಗಳನ್ನು ಬರೆದುಕೊಂಡು ಹೋಗಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಈ ಕೋಲ್‌ಬ್ರೂಕ್ ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದವನು. ಅವನ ಚಿತ್ರದ ಶೀರ್ಷಿಕೆ ಬರೀ ‘ಸೆವನ್‌ಡ್ರೂಗ್’ ಅಲ್ಲ, ‘ಸೆವನ್‌ಡ್ರೂಗಿನ ಉತ್ತರ ನೋಟ’. ಬೆಂಗಳೂರಿನದು ‘ಪೂರ್ವ ನೋಟ’. ಊರಿನ ಹೆಸರನ್ನು ಬಾಯಿಗೆ ಬಂದಂತೆ ಬರೆದರು, ದಿಕ್ಕನ್ನು ಮಾತ್ರ ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ, ತೋಪನ್ನು ಯಾವ ಮಗ್ಗುಲಿಗೆ ಎಳೆದೊಯ್ಯಬೇಕೆಂಬುದು ಅದರ ಮೇಲೆ ನಿಂತಿತ್ತು. ಅವರ ಉದ್ದೇಶ ಏನೇ ಇರಲಿ, ಇನ್ನೂರು ಚಿಲ್ಲರೆ ವರ್ಷಗಳಾದ ಮೇಲೂ ಆ ಚಿತ್ರ ಹಿಡಿದು ಹೊರಟರೆ ಅವನು ಕೂತು ಬರೆದ ದಿಕ್ಕನ್ನು ಹುಡುಕಬಹುದು. ಕಳೆದ ವರ್ಷ ಯಾರೋ ಮೊಬೈಲಿನಲ್ಲಿ ತೆಗೆದು ‘ಬ್ಯೂಟಿಫುಲ್ ಮಾರ್ನಿಂಗ್’ ಎಂದು ಕಳಿಸಿದ ಚಿತ್ರದಲ್ಲಿ ಅದೂ ಸಿಗುವುದಿಲ್ಲ. ಮೊಬೈಲೇನೋ ಫೋಟೋದ ಒಳಗೆ ಅಕ್ಷಾಂಶ-ರೇಖಾಂಶಗಳನ್ನು ಬರೆದಿಟ್ಟುಕೊಂಡಿರುತ್ತದೆ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋವಾಗಿ ಕಳಿಸಿದರೆ ಅದೂ ಉದುರಿಹೋಗುತ್ತದೆ.

ದುರ್ಗಗಳ ವಿಷಯದಲ್ಲಿ ಗೊಂದಲ ಸಹಜ. ಬೆಂಗಳೂರಿನ ಸುತ್ತ ಇರುವ ನವದುರ್ಗಗಳೆಂದು ಹೆಸರಾದ ಒಂಬತ್ತರಲ್ಲಿ ಸಾವನದುರ್ಗ, ಕುದೂರು ಬಳಿಯ ಭೈರವನದುರ್ಗ, ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗ ಮೂರೂ ಇದೇ ಸೀಮೆಯವು. ಹುತ್ರಿದುರ್ಗ ಪಕ್ಕದ ಕುಣಿಗಲ್ಲಿನದು. ನೆತ್ತಿಯ ಮೇಲೊಂದು ಮುರುಕು ಕೋಟೆ, ಬಂಡೆಯಲ್ಲಿ ಕಡಿದ ಮೆಟ್ಟಿಲು, ಅದರ ಪಕ್ಕ ನಿಂತ ಟೀ ಶರ್ಟಿನ ಹುಡುಗ. ಇಷ್ಟೇ ಇರುವ ಫೋಟೋದಲ್ಲಿ ಭೈರವ ಯಾವುದು, ಹುತ್ರಿ ಯಾವುದು ಎಂದು ಹೇಳುವುದು ಅಲ್ಲಿ ದನ ಮೇಯಿಸಿದವರಿಗೇ ಸಾಧ್ಯ. ಕಬ್ಬಾಳಮ್ಮನ ಗುಡಿ ಬುಡದಲ್ಲಿ ಕಂಡರೆ ಮಾತ್ರ ಯಾರು ಬೇಕಾದರೂ ಹೇಳಬಹುದು. ಕನಕಪುರದ್ದೇ ಮೇಕೆದಾಟುವಿನ ಚಿತ್ರವನ್ನು ಹೊಗೇನಕಲ್ ಎಂದು ಹಂಚಿಕೊಳ್ಳುವವರೂ ಇದ್ದಾರೆ. ಎರಡೂ ಕಡೆ ಕಾವೇರಿ, ಎರಡೂ ಕಡೆ ನೀರು ಕೊರೆದ ಕಲ್ಲು. ಆದರೆ ಹೊಗೇನಕಲ್ಲಿನಲ್ಲಿ ನದಿ ಹಲವು ಎಳೆಯಾಗಿ ಬೀಳುತ್ತದೆ. ಮೇಕೆದಾಟುವಿನಲ್ಲಿ ಬೀಳುವುದಿಲ್ಲ, ಇಕ್ಕಟ್ಟಿನ ಕಂದಕದಲ್ಲಿ ನುಸುಳುತ್ತದೆ.

ಬೆಟ್ಟಕ್ಕಿಂತಲೂ ಮೋಸಗಾರ ಪ್ರತಿಮೆ. ನೀಲಿ ಕೋಟು ತೊಟ್ಟು ಕೈ ಮುಂದೆ ಚಾಚಿದ ಅಂಬೇಡ್ಕರ್, ಕುದುರೆಯ ಮೇಲಿನ ಬಸವಣ್ಣ, ಕೋಲು ಹಿಡಿದು ನಡೆಯುವ ಗಾಂಧಿ. ಬರೀ ಪ್ರತಿಮೆಯನ್ನು ಕತ್ತರಿಸಿ ಕೊಟ್ಟರೆ ಅದು ಚನ್ನಪಟ್ಟಣದ್ದೋ ಚಿಂತಾಮಣಿಯದೋ ಎಂದು ಹೇಳಬಲ್ಲವರು ಹುಟ್ಟಿಲ್ಲ. ಎಲ್ಲ ಊರಲ್ಲೂ ಒಂದೇ ಆಗಿ ಕಾಣಬೇಕೆಂದೇ ಅವನ್ನು ಮಾಡಿರುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಊರು ಹೇಳುವುದು ಪ್ರತಿಮೆಯ ಹಿಂದಿನ ಔಷಧಿ ಅಂಗಡಿಯ ಬೋರ್ಡು, ಕಟ್ಟೆಯ ಮೇಲಿನ ಶಿಲಾಫಲಕ, ಎದುರಿಗೆ ನಿಂತ ಆಟೋ. ಫೋಟೋ ತೆಗೆಯುವವರು ಮಹನೀಯರು ಪೂರ್ತಿ ಬರಲೆಂದು ಇದನ್ನೆಲ್ಲ ಜೋಪಾನವಾಗಿ ಹೊರಗಿಡುತ್ತಾರೆ.

ಕೆಂಪೇಗೌಡರ ವಿಷಯ ಇನ್ನೂ ಸ್ವಾರಸ್ಯ. 1537ರಲ್ಲಿ ಬೆಂಗಳೂರು ಕಟ್ಟಿದವರೆಂದು ಎಲ್ಲರೂ ನೆನೆಯುವ ಈ ನಾಡಪ್ರಭುವಿನ ಮುಖ ಹೀಗೇ ಇತ್ತೆಂದು ತೋರಿಸುವ ಚಿತ್ರ ಅವರ ಕಾಲದ್ದು ಯಾವುದೂ ನಮ್ಮ ಮುಂದಿಲ್ಲ. ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ 1609ರ ಕನ್ನಡ ಬರಹವಿರುವ ಅವರ ಲೋಹದ ಮೂರ್ತಿಯಿದೆ. ಕೈಮುಗಿದ ಭಕ್ತರ ಸಾಲಿನ ಆ ಚಿಕ್ಕ ವಿಗ್ರಹಕ್ಕೂ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ 2022ರ ನವೆಂಬರ್ 11ರಂದು ಅನಾವರಣಗೊಂಡ, ರಾಮ್ ಸುತಾರ್ ರೂಪಿಸಿದ 108 ಅಡಿಯ ಕಂಚಿನ ಕತ್ತಿವೀರನಿಗೂ ಇರುವ ಹೋಲಿಕೆ ಹೆಸರೊಂದೇ. ಎರಡನೆಯದನ್ನು ಆಕಾಶದಿಂದ ಇಳಿದವರೂ ಗುರುತಿಸುತ್ತಾರೆ. ಆದರೆ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ, ಹೊಲಗಳ ನಡುವೆ ಇರುವ ಕಲ್ಲಿನ ಸಣ್ಣ ಮಂಟಪವೊಂದರ ಫೋಟೋ ತೋರಿಸಿ ನೋಡಿ. ಅಲ್ಲಿನ ಶಾಸನ ಓದಿ ಅದು ಕೆಂಪೇಗೌಡರ ಸಮಾಧಿಯೆಂದು ಗುರುತಿಸಿದ್ದು 2015ರಲ್ಲಷ್ಟೇ. ಅಲ್ಲಿಯವರೆಗೆ ಅದರ ಎದುರೇ ಓಡಾಡಿದವರಿಗೂ ಅದೊಂದು ಹಳೇ ಮಂಟಪ. ಬೆಂಗಳೂರಿನ ನಾಲ್ಕು ಗಡಿ ಗೋಪುರಗಳೂ ಹಾಗೆಯೇ. ಬೋಳು ಬಂಡೆಯ ಮೇಲಿದ್ದರೆ ಲಾಲ್‌ಬಾಗ್ ಎಂದು ಎಲ್ಲರೂ ಹೇಳುತ್ತಾರೆ. ಕೆಂಪಾಂಬುಧಿ, ಹಲಸೂರು, ಮೇಖ್ರಿ ವೃತ್ತ ಈ ಮೂರರಲ್ಲಿ ಯಾವುದು ಎಂದರೆ ಹುಟ್ಟಾ ಬೆಂಗಳೂರಿಗರೂ ತಲೆ ಕೆರೆದುಕೊಳ್ಳುತ್ತಾರೆ.

ಚನ್ನಪಟ್ಟಣದ ಬಳಿ ಗೌಡಗೆರೆಯಲ್ಲಿ ನಿಂತಿರುವ 60 ಅಡಿಯ, ಹದಿನೆಂಟು ತೋಳಿನ ಪಂಚಲೋಹದ ಚಾಮುಂಡೇಶ್ವರಿಯ ಚಿತ್ರ ಕಂಡೊಡನೆ ಹೊರಗಿನವರ ಬಾಯಲ್ಲಿ ಬರುವುದು ಮೈಸೂರು. ಬಯಲು ನೆಲ, ತೆಂಗಿನ ಸಾಲು ನೋಡಿಯೂ ಬೆಟ್ಟದ ಹೆಸರು ಹೇಳುತ್ತಾರೆ, ದೇವಿಯ ಹೆಸರು ಕಣ್ಣಿಗಿಂತ ಮುಂದೆ ಓಡುತ್ತದೆ. ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಾಲಯದ ಅಂಬೆಗಾಲು ಕೃಷ್ಣನದು ಬೇರೆ ಕಥೆ. ಬೆಣ್ಣೆ ಮುದ್ದೆ ಹಿಡಿದ ಆ ಮಗುವಿನ ಚಿತ್ರ ಕ್ಯಾಲೆಂಡರು, ಕಾರಿನ ಡ್ಯಾಶ್‌ಬೋರ್ಡು, ಪಿಂಗಾಣಿ ಬೊಂಬೆ ಎಲ್ಲದರಲ್ಲೂ ಇದೆ. ಸಾವಿರ ನಕಲುಗಳ ನಡುವೆ ಮಳೂರಿನದನ್ನು ಗುರುತಿಸಲು ಕೃಷ್ಣನನ್ನು ಬಿಟ್ಟು ಸುತ್ತ ನೋಡಬೇಕು: ಮಕ್ಕಳಾಗಲೆಂದು ಹರಕೆ ಹೊತ್ತವರು ಒಪ್ಪಿಸಿದ ತೊಟ್ಟಿಲುಗಳು ಕಂಡರೆ ಅನುಮಾನ ಬೇಡ.

ಸುತ್ತ ನೋಡುವುದನ್ನೇ ಈಗ ಜಗತ್ತಿನಲ್ಲಿ ಎಷ್ಟೋ ಜನ ಪಂದ್ಯವಾಗಿ ಆಡುತ್ತಿದ್ದಾರೆ. ಸ್ವೀಡನ್ನಿನ ಆಂಟನ್ ವಾಲೆನ್ 2013ರಲ್ಲಿ ಶುರುಮಾಡಿದ ಜಿಯೋಗೆಸ್ಸರ್ ಆಟದಲ್ಲಿ ಗೂಗಲ್ಲಿನ ರಸ್ತೆಚಿತ್ರವೊಂದನ್ನು ಎದುರಿಗಿಡುತ್ತಾರೆ, ಭೂಪಟದಲ್ಲಿ ಬೆರಳಿಟ್ಟು ತೋರಿಸಬೇಕು. ಪಳಗಿದವರು ಸ್ಮಾರಕವನ್ನು ನೋಡುವುದೇ ಇಲ್ಲ. ವಿದ್ಯುತ್ ಕಂಬ, ರಸ್ತೆಯ ಗೆರೆ, ಮಣ್ಣಿನ ಬಣ್ಣ ನೋಡುತ್ತಾರೆ. ಅದೇ ಜಾಣತನವನ್ನು ನಮ್ಮ ಕಡೆ ಹಚ್ಚಿದರೆ ಬೇಕಾದಷ್ಟು ಕುರುಹುಗಳಿವೆ. ಮೈಲಿಗಲ್ಲಿನ ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಸ್ಕೂಟರುಗಳೆಲ್ಲ ಕೆಎ 42 ಆಗಿದ್ದರೆ ರಾಮನಗರದ ನೋಂದಣಿ. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರ ಹೆಸರು ಮರೆಯಾಗಿದ್ದರೂ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದೆ. ಮನೆಯ ಗೋಡೆಗೆ ಬಿದಿರಿನ ಚಂದ್ರಂಕಿಗಳನ್ನು ಆನಿಸಿದ್ದರೆ ಅದು ರೇಷ್ಮೆ ಬೆಳೆಯುವ ಹಳ್ಳಿ. ಹಿಪ್ಪುನೇರಳೆ ಶಿಡ್ಲಘಟ್ಟದಲ್ಲೂ ಇದೆ ನಿಜ. ಆದರೆ ಚಂದ್ರಂಕಿ, ತೆಂಗಿನ ತೋಟ, ಅದರ ಹಿಂದೆಯೇ ಎದ್ದ ಬೋಳು ಬಂಡೆ, ಈ ಮೂರೂ ಒಂದೇ ಫೋಟೋದಲ್ಲಿ ಬಂದರೆ ನಾನು ರಾಮನಗರದ ಗೂಡಿನ ಮಾರುಕಟ್ಟೆಯ ಸುತ್ತಲಿನ ಹಳ್ಳಿಗಳ ಮೇಲೆಯೇ ಬಾಜಿ ಕಟ್ಟುವುದು.

ನೆರಳು ನೋಡಿ ದಿಕ್ಕು ಹೇಳುವವರಿಗೆ ಒಂದು ಎಚ್ಚರಿಕೆ. ನಡುಹಗಲ ನೆರಳು ಉತ್ತರಕ್ಕೆ ಬೀಳುತ್ತದೆಂಬ ಸೂತ್ರ ದಿಲ್ಲಿಗೆ ವರ್ಷವಿಡೀ ಸರಿ. ನಾವಿರುವುದು 13 ಡಿಗ್ರಿ ಅಕ್ಷಾಂಶದ ಒಳಗೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ ಮೂರನೇ ವಾರದವರೆಗೆ ಇತ್ತ ಬರುವುದಿಲ್ಲ. ಅಷ್ಟು ದಿನ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ. ಬೇಸಿಗೆ ರಜೆಯ ಫೋಟೋಗಳಲ್ಲಿ ಹೆಚ್ಚಿನವು ಇದೇ ಅವಧಿಯವು.

ರಾಮದೇವರ ಬೆಟ್ಟವನ್ನು ಸಿನಿಮಾ ನೋಡದವರೂ ಗುರುತಿಸಬಹುದಾದ ಇನ್ನೊಂದು ಗುರುತಿದೆ: ಕಡಿದಾದ ಬಂಡೆಯ ಅಂಚಿನಿಂದ ಕೆಳಗಿಳಿದ ಸುಣ್ಣದಂಥ ಬಿಳಿ ಗೆರೆಗಳು. ಉದ್ದ ಕೊಕ್ಕಿನ ರಣಹದ್ದುಗಳು ಕೂರುವ, ಗೂಡು ಕಟ್ಟುವ ಜಾಗದ ಹಿಕ್ಕೆಯ ಗುರುತು ಅದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಒಳಸೇರಿ ದೇಶದ ರಣಹದ್ದುಗಳನ್ನು ಮುಗಿಸುತ್ತಾ ಬಂತು. 2006ರಲ್ಲಿ ಸರ್ಕಾರ ಅದರ ಪಶು ಬಳಕೆಯನ್ನು ನಿಷೇಧಿಸಿತು, 2012ರಲ್ಲಿ ಈ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಉಳಿದಿರುವ ಹಕ್ಕಿಗಳು ಬೆರಳೆಣಿಕೆಯವು. ‘ಶೋಲೆ’ಯ ಗಬ್ಬರ್ ಸಿಂಗ್ ಕೂತ ಬಂಡೆ ಯಾವುದೆಂದು ಕೇಳಿಕೊಂಡು ಬರುವವರಲ್ಲಿ ಹತ್ತಕ್ಕೊಬ್ಬರು ಆ ಬಿಳಿ ಗೆರೆ ಏನೆಂದು ಕೇಳಿದರೂ ಸಾಕಿತ್ತು.

ನೋಡುವ ಜಾಗವೇ ಈಗ ಬದಲಾಗಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣಗಳ ಒಳಕ್ಕೆ ಹೋಗುವುದಿಲ್ಲ. ಹಳೇ ರಸ್ತೆಯಲ್ಲಿ ಹೋಗುವಾಗ ಬಣ್ಣಬಣ್ಣದ ಬೊಂಬೆ ಅಂಗಡಿಗಳ ಸಾಲು ಬಂತೆಂದರೆ ಚನ್ನಪಟ್ಟಣ, ಕೆಂಗಲ್ ಹನುಮಂತರಾಯನಿಗೆ ಕೈಮುಗಿಯಲು ಬಸ್ಸಿನಲ್ಲಿ ಕೈಗಳೆದ್ದವೆಂದರೆ ಅದರ ಹಿಂದಿನ ಮಜಲು. ಬೈಪಾಸಿನ ಮೇಲಿಂದ ಕಾಣುವ ಬೆಟ್ಟದ ಮಗ್ಗುಲೇ ಬೇರೆ. ಇನ್ನಿಪ್ಪತ್ತು ವರ್ಷಕ್ಕೆ ‘ರಾಮನಗರದ ಬೆಟ್ಟ’ ಎಂದು ಜನ ಗುರುತಿಸುವ ಆಕಾರ ನಾವು ಕಿಟಕಿಯಿಂದ ಕಂಡದ್ದಾಗಿರಲಾರದು.

ವಿಳಾಸವೂ ನಿಂತಲ್ಲಿ ನಿಲ್ಲಲಿಲ್ಲ. ಹಳೆಯ ಫೋಟೋದ ಹಿಂದೆ ‘ಕ್ಲೋಸ್‌ಪೇಟೆ, ಬೆಂಗಳೂರು ಜಿಲ್ಲೆ’ ಎಂದಿದ್ದರೆ ಅದು ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರು ಹೊತ್ತ ಇದೇ ಊರು. 1986ರಲ್ಲಿ ಅದು ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು. 2007ರಲ್ಲಿ ರಾಮನಗರವೇ ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ. ಭೂವಿಜ್ಞಾನಿಗಳು ಮಾತ್ರ ಸುಮಾರು 250 ಕೋಟಿ ವರ್ಷದ ಈ ಕಲ್ಲನ್ನು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಬರೆಯುತ್ತಾರೆ.

ಕಲ್ಲಾದರೂ ಇದ್ದಲ್ಲೇ ಇದೆಯೇ? ಗಣಿಗಾರಿಕೆಯಲ್ಲಿ ಅರ್ಧ ಕರಗಿದ ಗುಡ್ಡಗಳ ಹಳೆಯ ಫೋಟೋಗಳನ್ನು ಈಗ ಯಾವ ದಿಕ್ಕಿನಿಂದ ನೋಡಿದರೂ ಹೊಂದಿಸಲಾಗದು. ಅಂಥ ಕಲ್ಲು ಎಲ್ಲೆಲ್ಲೋ ಹೋಗಿ ಪಾಲಿಶ್ ಮಾಡಿದ ನೆಲವಾಗಿ, ಅಡುಗೆಮನೆಯ ಕಟ್ಟೆಯಾಗಿ ಕೂತಿರುತ್ತದೆ. ಎಲ್ಲ ಸಲವೂ ಹಾಗೆ ಗುರುತಿಲ್ಲದೆ ಹೋಗಿಲ್ಲ ಅನ್ನಿ. ಕರ್ನಾಟಕದಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಕಟ್ಟಡಗಳಲ್ಲಿ ವಿಧಾನಸೌಧವೂ ಒಂದು. 1951ರಲ್ಲಿ ನೆಹರೂ ಅಡಿಗಲ್ಲಿಟ್ಟ, 1956ರಲ್ಲಿ ಮುಗಿದ ಆ ಕಟ್ಟಡವನ್ನು ಹಟ ಹಿಡಿದು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ರಾಮನಗರದ ಕಡೆಯವರು. ಅದರ ಅಲಂಕಾರದ ಕೆಲಸಕ್ಕೆ ಬಳಸಿದ ಕಲ್ಲುಗಳಲ್ಲಿ ನಸುಗೆಂಪಿನದು ಮಾಗಡಿಯಿಂದ ಬಂತು. ವಿಧಾನಸೌಧದ ಚಿತ್ರ ತೋರಿಸಿ ಇದೆಲ್ಲಿಯದು ಎಂದು ಕೇಳಿದಾಗ ಬೆಂಗಳೂರು ಎಂದವರಿಗೆ ಪೂರ್ತಿ ಅಂಕ ಕೊಡೋಣ. ಮಾಗಡಿ ಎಂದವರಿಗೂ ಒಂದೆರಡು ಕೊಡದೆ ವಿಧಿಯಿಲ್ಲ.